ಗ್ರೀನ್ ತುಂಬಾ ತೂತು, ಫೀ ಮಾತ್ರ ಪೂರ್ತಿ

ಗೆ,
ವ್ಯವಸ್ಥಾಪಕರು,
ಪೇ ಅಂಡ್ ಪ್ಲೇ ಗಾಲ್ಫ್ ಕೋರ್ಸ್

ವಿಷಯ: ಗ್ರೀನ್‌ಗಳ ಸ್ಥಿತಿ ಮೊದಲೇ ತಿಳಿಸದೆ ಪೂರ್ತಿ ಗ್ರೀನ್ ಫೀ ತೆಗೆದುಕೊಂಡ ಬಗ್ಗೆ

ಮಾನ್ಯರೇ,

ಕಳೆದ ಶನಿವಾರ ನಾವು ನಾಲ್ವರು ನಿಮ್ಮ ಕೋರ್ಸಿನಲ್ಲಿ 18 ಹೋಲ್ ಆಡಿದೆವು. ಆನ್‌ಲೈನಿನಲ್ಲಿ ಬುಕ್ ಮಾಡಿ, ಪೂರ್ತಿ ಹಣ ಮೊದಲೇ ಕಟ್ಟಿ ಬಂದಿದ್ದೆವು. ಮೊದಲ ಗ್ರೀನಿಗೆ, ಅಂದರೆ ಹೋಲ್ ಸುತ್ತಲಿನ ನುಣುಪು ಹುಲ್ಲಿನ ಜಾಗಕ್ಕೆ, ಕಾಲಿಟ್ಟ ಕೂಡಲೇ ವಿಷಯ ಗೊತ್ತಾಯಿತು. ಗ್ರೀನ್ ಪೂರ್ತಿ ಸಾಲುಸಾಲಾಗಿ ಬೆರಳು ತೂರುವಷ್ಟು ತೂತುಗಳು, ಅದರ ಮೇಲೆ ದಪ್ಪಗೆ ಸುರಿದ ಮರಳು. ಏರೇಷನ್, ಅಂದರೆ ಮಣ್ಣಿಗೆ ಗಾಳಿ ಹೋಗಲಿ ಅಂತ ತೂತು ಕೊರೆಯುವ ಕೆಲಸ, ಮಾಡಿ ಹೆಚ್ಚು ದಿನ ಆಗಿರಲಿಲ್ಲ. ಇದೊಂದು ಗ್ರೀನ್ ಮಾತ್ರ ಇರಬೇಕು ಅಂದುಕೊಂಡು ಮುಂದೆ ಹೋದರೆ ಎರಡನೆಯದೂ ಹಾಗೇ, ಮೂರನೆಯದೂ ಹಾಗೇ, ಕೊನೆಯವರೆಗೂ ಹಾಗೇ.

ಬುಕಿಂಗ್ ಪುಟದಲ್ಲಿ ಈ ಬಗ್ಗೆ ಒಂದು ಸಾಲೂ ಇರಲಿಲ್ಲ. ಹಣ ಕಟ್ಟಿದ ಮೇಲೆ ಬಂದ ಮೆಸೇಜಿನಲ್ಲೂ ಇಲ್ಲ. ಆ ಮೆಸೇಜಿನಲ್ಲಿ ಕಾಲರ್ ಇರುವ ಶರ್ಟ್ ಹಾಕಿಕೊಂಡು ಬನ್ನಿ, ಅರ್ಧ ಗಂಟೆ ಮೊದಲೇ ಬನ್ನಿ, ಓಡಾಡೋಕೆ ಬಗ್ಗಿ ಗಾಡಿ ಬೇಕಾದರೆ ಬೇರೆ ದುಡ್ಡು ಕೊಡಿ ಅಂತೆಲ್ಲ ಇತ್ತು. ನಮ್ಮಿಂದ ನಿಮಗೆ ಏನೇನು ಬೇಕೋ ಅದೆಲ್ಲ ವಿವರವಾಗಿ ಬರೆಯುತ್ತೀರಿ, ನಮಗೆ ಗೊತ್ತಿರಬೇಕಾದ ಒಂದೇ ಒಂದು ವಿಷಯ ಮಾತ್ರ ಮರೆತು ಹೋಗುತ್ತೆ, ಅಲ್ವಾ? ಕೌಂಟರಿನಲ್ಲಿ ರಸೀದಿ ಕೊಟ್ಟವರೂ ನಗುನಗುತ್ತಾ ಸ್ಕೋರ್‌ಕಾರ್ಡ್ ಕೊಟ್ಟು ಕಳಿಸಿದರು.

ಆಟ ಮುಗಿದ ಮೇಲೆ ಕೌಂಟರಿಗೆ ಹೋಗಿ ಕೇಳಿದೆ. "ಏರೇಷನ್ ಎಲ್ಲ ಕೋರ್ಸಲ್ಲೂ ಮಾಡ್ತಾರೆ ಸರ್" ಅಂದರು. ಹೌದು, ಮಾಡುತ್ತಾರೆ, ಮಾಡಲೇಬೇಕು. ದಿನಾ ಜನ ಓಡಾಡಿ ಓಡಾಡಿ ಗ್ರೀನಿನ ಮಣ್ಣು ಬಿಗಿದುಕೊಳ್ಳುತ್ತೆ, ಬೇರಿಗೆ ಗಾಳಿ ಹೋಗಲ್ಲ, ನೀರು ಕೆಳಗಿಳಿಯಲ್ಲ. ಅದಕ್ಕೇ ಮೆಷಿನ್ ತಂದು ಮಣ್ಣಿನ ಸಣ್ಣ ಸಣ್ಣ ತುಂಡುಗಳನ್ನು ಕಿತ್ತು ಹಾಕಿ, ಆ ತೂತುಗಳಿಗೆ ಮರಳು ತುಂಬುತ್ತಾರೆ. ಇದನ್ನು ಮಾಡದ ಕೋರ್ಸಿನ ಗ್ರೀನ್ ಒಂದಲ್ಲ ಒಂದು ದಿನ ಕೈ ಕೊಡುತ್ತೆ. ನಿಮ್ಮ ಗ್ರೌಂಡ್ ಸಿಬ್ಬಂದಿ ಸರಿಯಾದ ಕೆಲಸವನ್ನೇ ಮಾಡಿದ್ದಾರೆ, ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ದಯವಿಟ್ಟು ಈ ಪತ್ರ ಓದಿ ಅವರನ್ನು ಕರೆದು ಬೈಯಬೇಡಿ. ನನ್ನ ದೂರು ಇರೋದು ಬುಕಿಂಗ್ ನೋಡಿಕೊಳ್ಳುವವರ ಮೇಲೆ. ಏರೇಷನ್ ಅನ್ನೋದು ರಾತ್ರೋರಾತ್ರಿ ಬಂದ ಮಳೆ ಅಲ್ಲ. ಮೆಷಿನ್ ಯಾವತ್ತು ಬರುತ್ತೆ, ಮರಳಿನ ಲೋಡ್ ಯಾವತ್ತು ಬರುತ್ತೆ, ಯಾವ ದಿನ ಯಾವ ಗ್ರೀನ್ ಅಂತ ನಿಮಗೆ ಎಷ್ಟೋ ಮೊದಲೇ ಗೊತ್ತಿರುತ್ತೆ. ಗೊತ್ತಿದ್ದೂ ಆ ವಾರದ ಟೀ ಟೈಮುಗಳನ್ನು (ಆಟ ಶುರು ಮಾಡುವ ಹೊತ್ತುಗಳನ್ನು) ಮಾಮೂಲಿ ರೇಟಿಗೇ ಮಾರಿದಿರಿ.

ತೂತು ಬಿದ್ದ ಗ್ರೀನಿನಲ್ಲಿ ಆಡೋದು ಅಂದರೆ ಏನು ಅಂತ ಆಫೀಸಿನಲ್ಲಿ ಕೂತವರಿಗೆ ಗೊತ್ತಿಲ್ಲದೆ ಇರಬಹುದು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಟ್ ಮಾಡಿದ, ಅಂದರೆ ಗ್ರೀನಿನ ಮೇಲೆ ಹೋಲಿನ ಕಡೆಗೆ ಮೆಲ್ಲಗೆ ಹೊಡೆದ, ಚೆಂಡು ಉರುಳೋದಿಲ್ಲ, ಕುಣಿಯುತ್ತೆ. ನಾಲ್ಕು ಅಡಿ ದೂರದಿಂದ ನೇರ ಹೊಡೆದರೂ ಕೊನೆಯಲ್ಲಿ ಒಂದು ತೂತಿನ ಅಂಚಿಗೆ ತಾಗಿ ಪಕ್ಕಕ್ಕೆ ಹೋಗುತ್ತೆ. ಇನ್ನು ನಿಯಮದ ವಿಷಯ. 2019ರಲ್ಲಿ ನಿಯಮ ಬದಲಾದ ಮೇಲೆ ಗ್ರೀನಿನಲ್ಲಿ ಶೂ ಮುಳ್ಳಿನ ಗುರುತು, ಚೆಂಡು ಬಿದ್ದ ಗುಳಿ, ಪ್ರಾಣಿ ಕೆರೆದದ್ದು, ಹೀಗೆ ಹೆಚ್ಚುಕಡಿಮೆ ಎಲ್ಲ ಹಾನಿಯನ್ನೂ ಆಟಗಾರ ಸರಿ ಮಾಡಿಕೊಳ್ಳಬಹುದು. ಏರೇಷನ್ ತೂತನ್ನು ಮಾತ್ರ ಮುಟ್ಟೋ ಹಾಗಿಲ್ಲ, ಯಾಕಂದರೆ ಅದು ನಿರ್ವಹಣೆಯ ಕೆಲಸ, ಹಾನಿ ಅಲ್ಲ. ಚೆಂಡು ಅಂಥ ತೂತಿನಲ್ಲಿ ಕೂತರೆ ಪಕ್ಕಕ್ಕೆ ಇಟ್ಟುಕೊಂಡು ಆಡಬಹುದು ಅಂತ ಕೋರ್ಸಿನವರು ಲೋಕಲ್ ರೂಲ್ ತರಬಹುದು. ಅದಕ್ಕೆ ಬೇಕಾದ ಮಾದರಿ ನಿಯಮ ಸಿದ್ಧವಾಗೇ ಇದೆ. ಒಂದು ಹಾಳೆಯಲ್ಲಿ ಪ್ರಿಂಟ್ ಹಾಕಿ ಮೊದಲ ಟೀ ಹತ್ತಿರ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗದ ಹತ್ತಿರ, ಅಂಟಿಸಿದ್ದರೆ ಆಗುತ್ತಿತ್ತು. ಅದೂ ಇರಲಿಲ್ಲ. ಅಂದರೆ ನಿಯಮದ ಪ್ರಕಾರ ಆಡುವವರು ಆ ತೂತುಗಳನ್ನು ಸುಮ್ನೆ ಸಹಿಸಿಕೊಳ್ಳಬೇಕು.

ಇಷ್ಟಾದರೂ ನಿಮ್ಮ ವೆಬ್‌ಸೈಟಿನಲ್ಲಿ "ಸ್ಟಿಂಪ್ 10ರ ವೇಗದ ಗ್ರೀನ್‌ಗಳು" ಅಂತ ದೊಡ್ಡ ಅಕ್ಷರದಲ್ಲಿ ಇವತ್ತಿಗೂ ಇದೆ. ಸ್ಟಿಂಪ್‌ಮೀಟರ್ ಅಂದರೆ 36 ಇಂಚಿನ, ಉದ್ದಕ್ಕೂ ತೋಡು ಇರುವ ಒಂದು ಅಲ್ಯೂಮಿನಿಯಂ ಪಟ್ಟಿ. ಅದನ್ನು ನಿಧಾನಕ್ಕೆ ಎತ್ತುತ್ತಾ ಹೋದರೆ ಸುಮಾರು 20 ಡಿಗ್ರಿ ಆದಾಗ ಚೆಂಡು ತಾನಾಗೇ ಜಾರಿ ಗ್ರೀನಿನ ಮೇಲೆ ಓಡುತ್ತೆ. ಎಷ್ಟು ಅಡಿ ಓಡಿತೋ ಅದೇ ಗ್ರೀನಿನ ವೇಗ. ಎಡ್ವರ್ಡ್ ಸ್ಟಿಂಪ್ಸನ್ ಅನ್ನುವ ಗಾಲ್ಫ್ ಆಟಗಾರ 1935ರಲ್ಲಿ ಇದನ್ನು ಮೊದಲು ಮಾಡಿದ್ದು. ಒಂದೇ ಕಡೆಗೆ ಉರುಳಿಸಿದರೆ ಇಳಿಜಾರು ಮೋಸ ಮಾಡುತ್ತೆ ಅಂತ ಎದುರು ದಿಕ್ಕಿನಿಂದಲೂ ಉರುಳಿಸಿ ಸರಾಸರಿ ತೆಗೆಯುತ್ತಾರೆ. ಶನಿವಾರದ ಆ ಮರಳಿನ ಮೇಲೆ ನೀವು ಯಾವ ಕಡೆಯಿಂದ ಉರುಳಿಸಿದರೂ 10 ಅಡಿ ಬರುತ್ತಿರಲಿಲ್ಲ. ನಾನು ವೇಗದ ಗ್ರೀನನ್ನೇ ಕೇಳುತ್ತಿಲ್ಲ, ನಿಧಾನದ ಗ್ರೀನ್ ಆದರೂ ಒಂದೇ ಸಮ ಇದ್ದರೆ ಖುಷಿಯಾಗಿ ಆಡುತ್ತೇನೆ. ಇಲ್ಲಿ ಪ್ರಾಕ್ಟೀಸ್ ಗ್ರೀನ್ ಒಂದಕ್ಕೆ ಮಾತ್ರ ಏರೇಷನ್ ಆಗಿರಲಿಲ್ಲ, ಅದು ಕನ್ನಡಿ ಥರ ಇತ್ತು. ಅಲ್ಲಿ ಪಟ್ ಮಾಡಿ ಕೈ ಕುದುರಿಸಿಕೊಂಡು ಒಳಗೆ ಹೋದವರಿಗೆ ಒಳಗೆ ಬೇರೆಯೇ ಆಟ. ಅದು ಬೇಕು ಅಂತ ಹಾಗೆ ಬಿಟ್ಟದ್ದೋ ಅಲ್ಲವೋ, ನೋಡಿದವರಿಗೆ ಮಾತ್ರ ಅನುಮಾನ ಬರುತ್ತೆ.

ಈಗ ಇಡೀ ಪತ್ರದ ಮುಖ್ಯ ಮಾತಿಗೆ ಬರುತ್ತೇನೆ. ನಿಮ್ಮಲ್ಲಿ ಸದಸ್ಯರೂ ಇದ್ದಾರೆ, ನಮ್ಮಂತೆ ದುಡ್ಡು ಕೊಟ್ಟು ಆಡಿ ಹೋಗುವವರೂ ಇದ್ದಾರೆ. ಸದಸ್ಯರು ಕಟ್ಟೋದು ಇಡೀ ವರ್ಷಕ್ಕೆ. ಅವರಿಗೆ ಏರೇಷನ್ ಆದ ಎರಡು ವಾರ ಕಷ್ಟ, ಆಮೇಲೆ ತಿಂಗಳುಗಟ್ಟಲೆ ಅದೇ ಏರೇಷನ್ನಿನಿಂದ ಒಳ್ಳೆ ಗ್ರೀನ್ ಸಿಗುತ್ತೆ. ನಷ್ಟ ಅವರದೇ, ಲಾಭವೂ ಅವರದೇ. ನಾವು ಕೊಂಡದ್ದು ಒಂದೇ ಒಂದು ದಿನ. ನಮ್ಮ ಪಾಲಿಗೆ ಬಂದದ್ದು ಬರೀ ತೂತು, ಅದರಿಂದ ಆಗುವ ಲಾಭ ಇನ್ನು ಯಾರಿಗೋ. ಅದಕ್ಕೇ "ಎಲ್ಲ ಕಡೆ ಮಾಡ್ತಾರೆ" ಅನ್ನುವ ಉತ್ತರ ಸದಸ್ಯರಿಗೆ ಸಾಕಾಗಬಹುದು, ನಮಗೆ ಸಾಕಾಗಲ್ಲ. ಮೊದಲೇ ಹೇಳಿ ರೇಟ್ ಇಳಿಸಿದ್ದರೆ ನಾವು ಬಂದೇ ಬರುತ್ತಿದ್ದೆವೇನೋ. ಎಷ್ಟೋ ಕೋರ್ಸಿನವರು ಆ ದಿನಗಳಲ್ಲಿ ಕಡಿಮೆ ಫೀ ಇಡುತ್ತಾರೆ, ಸ್ಕೋರ್ ಬಗ್ಗೆ ತಲೆ ಕೆಡಿಸಿಕೊಳ್ಳದವರು ಅದಕ್ಕಾಗಿಯೇ ಕಾದು ಬಂದು ಆಡುತ್ತಾರೆ. ಬರೋದಾ ಬೇಡವಾ ಅಂತ ತೀರ್ಮಾನ ಮಾಡೋದು ನಮ್ಮ ಕೈಯಲ್ಲಿರಬೇಕಿತ್ತು, ಅದನ್ನು ನೀವು ಕಿತ್ತುಕೊಂಡಿರಿ.

ಇದರ ಜೊತೆಗೆ ಇನ್ನೂ ಕೆಲವು ಇವೆ. ಇವಕ್ಕೆ ಏರೇಷನ್ ನೆಪವೂ ಇಲ್ಲ.

ಹೋಲ್‌ಗಳ ಅಂಚು ಎಷ್ಟೋ ಕಡೆ ಕುಸಿದಿತ್ತು. ಹೋಲಿನ ಅಗಲ 4.25 ಇಂಚು ಇರಬೇಕು, ಒಳಗಿನ ಕಪ್ ಗ್ರೀನಿನ ಮೇಲ್ಮೈಗಿಂತ ಕಡಿಮೆ ಅಂದರೆ 1 ಇಂಚು ಕೆಳಗೆ ಕೂರಬೇಕು. ನಿಮ್ಮಲ್ಲಿ ಕೆಲವು ಹೋಲ್‌ಗಳಲ್ಲಿ ಆ ಕಪ್‌ನ ಬಿಳಿ ಅಂಚು ಹುಲ್ಲಿನ ಮಟ್ಟಕ್ಕೇ ಬಂದಿತ್ತು. ನಮ್ಮ ಗೆಳೆಯರೊಬ್ಬರ ಪಟ್ ಆ ಅಂಚಿಗೆ ಬಡಿದು ಹೊರಗೆ ಹಾರಿತು, ಅವರು ಆಡಿದ ಮಾತು ಇಲ್ಲಿ ಬರೆಯೋ ಹಾಗಿಲ್ಲ. ಹೋಲ್ ಕಟರ್ ತೆಗೆದುಕೊಂಡು ಬೆಳಿಗ್ಗೆ ಹೋಲಿನ ಜಾಗ ಬದಲಿಸಿದ್ದರೆ ಈ ಗೋಳು ಇರುತ್ತಿರಲಿಲ್ಲ. ಅದಕ್ಕೆ ಮೆಷಿನ್ನೂ ಬೇಡ, ಮರಳಿನ ಲೋಡೂ ಬೇಡ.

ಬಂಕರ್‌ಗಳ, ಅಂದರೆ ಮರಳು ಗುಂಡಿಗಳ, ಕಥೆ ಇನ್ನೊಂದು ಥರ. ಒಂದರಲ್ಲಿ ಶೂ ಹೂತುಹೋಗುವಷ್ಟು ಮರಳು, ಅದೇ ಗ್ರೀನಿನ ಆಚೆ ಬದಿಯ ಬಂಕರಿನಲ್ಲಿ ಮೇಲೆ ತೆಳ್ಳಗೆ ಉದುರಿಸಿದಂಥ ಮರಳು, ಕೆಳಗೆ ಬರೀ ಗಟ್ಟಿ ನೆಲ. ಮರಳಿಗೆ ಅಂತಲೇ ಇರುವ ಗಾಲ್ಫ್ ಕೋಲು (ಕ್ಲಬ್) ಸ್ಯಾಂಡ್ ವೆಜ್‌ನ ತಳ ಅಗಲ ಇರೋದೇ ಮರಳಿನೊಳಗೆ ಜಾರಿಕೊಂಡು ಹೋಗಲಿ ಅಂತ. ಗಟ್ಟಿ ನೆಲಕ್ಕೆ ಬಡಿದರೆ ಅದು ಪುಟಿದು ಚೆಂಡಿನ ಹೊಟ್ಟೆಗೇ ಹೊಡೆಯುತ್ತೆ, ಚೆಂಡು ಗ್ರೀನ್ ದಾಟಿ ಎಲ್ಲೋ ಹೋಗಿ ಬೀಳುತ್ತೆ. ಮೇಲೆ ಕಾಣುವ ಕಲ್ಲುಗಳನ್ನು ಈಗಿನ ನಿಯಮದಲ್ಲಿ ತೆಗೆದು ಹಾಕಬಹುದು, ತೆಗೆದೂ ಹಾಕಿದೆವು. ಒಳಗೆ ಹೂತಿದ್ದ ಕಲ್ಲು ಮಾತ್ರ ನನ್ನ ಕ್ಲಬ್ಬಿನ ಮುಖದ ಮೇಲೆ ಗೀರು ಎಳೆದ ಮೇಲೆಯೇ ಕಾಣಿಸಿತು. ಮರಳು ಸಮ ಮಾಡುವ ರೇಕ್ ಹುಡುಕಿದರೆ ಅರ್ಧದಷ್ಟು ಬಂಕರ್ ಹತ್ತಿರ ಇರಲೇ ಇಲ್ಲ, ಹಿಂದಿನವರ ಹೆಜ್ಜೆಯಲ್ಲೇ ನಮ್ಮ ಚೆಂಡು.

ನೀರಿನ ಪಕ್ಕದ ಗೂಟಗಳ ಬಣ್ಣ ಪೂರ್ತಿ ಮಾಸಿದೆ. ಕೆಂಪು ಗೂಟ ಅಂದರೆ ಒಂದು ಹೊಡೆತದ ಪೆನಾಲ್ಟಿ ತೆಗೆದುಕೊಂಡು, ಚೆಂಡು ಗಡಿ ದಾಟಿದ ಜಾಗದಿಂದ ಎರಡು ಕ್ಲಬ್ ಉದ್ದದೊಳಗೆ ಡ್ರಾಪ್ ಮಾಡಬಹುದು. ಬಿಳಿ ಗೂಟ ಅಂದರೆ ಔಟ್ ಆಫ್ ಬೌಂಡ್ಸ್ (ಆಟದ ಗಡಿಯ ಹೊರಗೆ), ಪೆನಾಲ್ಟಿಯ ಜೊತೆಗೆ ಮೊದಲು ಹೊಡೆದ ಜಾಗಕ್ಕೇ ವಾಪಸ್. ಎರಡಕ್ಕೂ ಎಷ್ಟು ವ್ಯತ್ಯಾಸ ನೋಡಿ. ಬಿಸಿಲಿಗೆ ಬೆಳ್ಳಗಾದ ಕೆಂಪು ಗೂಟದ ಮುಂದೆ ನಿಂತು ನಾವು ನಾಲ್ವರೂ ವಾದ ಮಾಡಿದೆವು, ಸ್ಕೋರ್‌ಕಾರ್ಡಿನ ಹಿಂದೆ ನೋಡಿದರೆ ಅಲ್ಲಿ ಕೆಫೆಯ ಜಾಹೀರಾತು. ಒಂದು ಡಬ್ಬಿ ಪೇಂಟಿನ ಕೆಲಸ ಇದು.

ಆಟದ ವೇಗದ ಬಗ್ಗೆ ಬೇರೆಯವರೂ ದೂರಿರಬಹುದು. ನೀವು ಗುಂಪುಗಳನ್ನು ತೀರಾ ಒತ್ತೊತ್ತಾಗಿ ಬಿಡುತ್ತಿದ್ದೀರಿ. ಪಾರ್ 4, ಪಾರ್ 5ರಲ್ಲಿ, ಅಂದರೆ ನಾಲ್ಕು, ಐದು ಹೊಡೆತದಲ್ಲಿ ಮುಗಿಸಬೇಕಾದ ಉದ್ದನೆಯ ಹೋಲ್‌ಗಳಲ್ಲಿ, ಒಂದೇ ಹೊತ್ತಿಗೆ ಒಂದಕ್ಕಿಂತ ಜಾಸ್ತಿ ಗುಂಪು ಆಡಬಹುದು, ಮುಂದಿನವರು ಗ್ರೀನಿನಲ್ಲಿದ್ದರೆ ಹಿಂದಿನವರು ಟೀಯಿಂದ ಹೊಡೆಯಬಹುದು. ಪಾರ್ 3ರಲ್ಲಿ ಹಾಗಾಗಲ್ಲ, ಮುಂದಿನವರು ಗ್ರೀನ್ ಬಿಟ್ಟು ಹೋಗುವವರೆಗೆ ಹಿಂದಿನವರು ಕಾಯಲೇಬೇಕು. ನಾಲ್ವರ ಗುಂಪಿಗೆ ಒಂದು ಪಾರ್ 3 ಮುಗಿಸೋಕೆ ಬೇಕಾದ ಸಮಯಕ್ಕಿಂತ ಕಡಿಮೆ ಅಂತರದಲ್ಲಿ ಜನರನ್ನು ಬಿಟ್ಟರೆ ಅಲ್ಲಿ ಸಾಲು ಆಗೋದು ಲೆಕ್ಕದ ವಿಷಯ, ಮಾರ್ಷಲ್ ಬಗ್ಗಿಯಲ್ಲಿ ಬಂದು "ಬೇಗ ಆಡಿ ಸರ್" ಅಂದರೆ ಕರಗಲ್ಲ. ನಿಮ್ಮ ಮೊದಲ ಪಾರ್ 3 ಟೀಯಲ್ಲಿ ನಮ್ಮ ಮುಂದೆ ಎರಡು ಗುಂಪು ಬೆಂಚಿನ ಮೇಲೆ ಕೂತಿದ್ದವು. ಬೇಗ ಆಡಿ ಹೋಗೋದಾದರೂ ಎಲ್ಲಿಗೆ?

ಟಾಯ್ಲೆಟ್ ಚೆನ್ನಾಗಿತ್ತು. ಕುಡಿಯೋ ನೀರು ಎರಡೇ ಕಡೆ ಇತ್ತು.

ಹೊಗಳಬೇಕಾದ್ದೂ ಇದೆ, ಹೇಳದಿದ್ದರೆ ತಪ್ಪಾಗುತ್ತೆ. ಕೋರ್ಸಿನ ವಿನ್ಯಾಸ ಮಾಡಿದವರು ತಲೆ ಓಡಿಸಿದ್ದಾರೆ. ಎಡಕ್ಕೆ ತಿರುಗುವ ಆ ಸಣ್ಣ ಪಾರ್ 4 ಇದೆಯಲ್ಲ, ಅಲ್ಲಿ ಮೂಲೆ ಕಡಿದು ಹೊಡೆಯೋದೋ ಸುರಕ್ಷಿತವಾಗಿ ಬಲಕ್ಕೆ ಇಡೋದೋ ಅಂತ ಟೀಯಲ್ಲಿ ನಿಂತು ಯೋಚನೆ ಮಾಡಬೇಕಾಗುತ್ತೆ, ಅಂಥ ಹೋಲ್ ಎಲ್ಲ ಕಡೆ ಸಿಗಲ್ಲ. ಫೇರ್‌ವೇ ಹುಲ್ಲು ಚೆನ್ನಾಗಿದೆ. ಹಿಂದಿನ ರಾತ್ರಿ ಮಳೆ ಬಂದಿದ್ದರೂ ಎಲ್ಲೂ ನೀರು ನಿಂತಿರಲಿಲ್ಲ. ಇಂಥ ನೆಲ ಇಟ್ಟುಕೊಂಡು ಹೀಗೆ ನಡೆಸುತ್ತೀರಲ್ಲ ಅಂತಲೇ ಜಾಸ್ತಿ ಸಿಟ್ಟು ಬರೋದು.

ಕೌಂಟರಿನಲ್ಲಿ ಇನ್ನೊಬ್ಬರು ಹೇಳಿದ ಮಾತು, "ಇದು ಪೇ ಅಂಡ್ ಪ್ಲೇ ಸರ್, ಕ್ಲಬ್ ಥರ ಇರಲ್ಲ." ಈ ಮಾತು ಇನ್ನು ಯಾರಿಗೂ ಹೇಳಬೇಡಿ ಅಂತ ಅವರಿಗೆ ತಿಳಿಸಿ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಓಲ್ಡ್ ಕೋರ್ಸ್ ಸಾರ್ವಜನಿಕ ಕೋರ್ಸ್. 18 ಹೋಲ್ ಅನ್ನುವ ಲೆಕ್ಕ ಬಂದದ್ದೇ ಅಲ್ಲಿಂದ, 1764ರಲ್ಲಿ ಅವರು 22 ಹೋಲ್ ಆಟವನ್ನು 18ಕ್ಕೆ ಇಳಿಸಿದ ಮೇಲೆ. ನ್ಯೂಯಾರ್ಕಿನ ಬೆತ್‌ಪೇಜ್ ಬ್ಲ್ಯಾಕ್ ಕೂಡ ಸರ್ಕಾರಿ ಪಾರ್ಕಿನೊಳಗಿನ ಕೋರ್ಸ್, ಫೀ ಕೊಟ್ಟು ಯಾರು ಬೇಕಾದರೂ ಆಡಬಹುದು, 2002 ಮತ್ತು 2009ರಲ್ಲಿ ಯುಎಸ್ ಓಪನ್ ಅಲ್ಲೇ ನಡೆಯಿತು. ಅಲ್ಲಿ ಒಂದು ಬೋರ್ಡ್ ಇದೆ, ಈ ಕೋರ್ಸ್ ತುಂಬಾ ಕಷ್ಟ, ಚೆನ್ನಾಗಿ ಆಡುವವರಿಗೆ ಮಾತ್ರ ಇದು ಸೂಕ್ತ ಅಂತ ಅದರಲ್ಲಿ ಎಚ್ಚರಿಕೆ ಬರೆದಿದ್ದಾರೆ. ದುಡ್ಡು ಕೊಟ್ಟು ಬರುವವರಿಗೆ ಮುಂದೆ ಏನು ಕಾದಿದೆ ಅಂತ ನೇರವಾಗಿ ಹೇಳಿಬಿಟ್ಟರು. ಆ ಬೋರ್ಡ್ ನೋಡಿ ಹೆದರಿ ಜನ ಬರೋದು ನಿಂತಿಲ್ಲ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ನಮಗೆ ಆಗಬೇಕಾದ್ದು ಇಷ್ಟು. ನಾವು ನಾಲ್ವರು ಕಟ್ಟಿದ ಗ್ರೀನ್ ಫೀಯಲ್ಲಿ ಅರ್ಧ ವಾಪಸ್ ಕೊಡಿ. ಫ್ರೀ ರೌಂಡಿನ ವೋಚರ್ ಬೇಡ, ಆ ದಿನವೂ ಗ್ರೀನ್ ಹೇಗಿರುತ್ತೆ ಅಂತ ನಮಗೆ ಯಾರು ಹೇಳುತ್ತಾರೆ? ಬುಕಿಂಗ್ ಪುಟದಲ್ಲಿ, ಹಣ ಕಟ್ಟುವ ಬಟನ್‌ಗಿಂತ ಮೇಲೆ, ಏರೇಷನ್ ಯಾವತ್ತು, ತಾತ್ಕಾಲಿಕ ಗ್ರೀನ್ ಎಲ್ಲಿ, ಯಾವ ಹೋಲ್ ಮುಚ್ಚಿದೆ ಅಂತ ಹಾಕಿ, ವಾರಕ್ಕೊಮ್ಮೆಯಾದರೂ ಬದಲಿಸಿ. ಮೊದಲೇ ಬುಕ್ ಮಾಡಿದವರಿಗೆ ಮೆಸೇಜ್ ಕಳಿಸಿ, ಬೇಡ ಅಂದವರಿಗೆ ಕಡಿತ ಇಲ್ಲದೆ ಹಣ ವಾಪಸ್ ಕೊಡಿ. ಸ್ಟಿಂಪ್ 10 ಅನ್ನುವ ಸಾಲನ್ನು ಅಲ್ಲಿಯವರೆಗೆ ತೆಗೆದು ಹಾಕಿ. ಗೂಟ, ರೇಕ್, ಕಪ್‌ಗಳ ವಿಷಯ ನಿಮ್ಮ ಗ್ರೌಂಡ್ ಸಿಬ್ಬಂದಿಯನ್ನೇ ಕೇಳಿ, ಏನೇನು ಬೇಕು ಅಂತ ಅವರೇ ಹೇಳುತ್ತಾರೆ. ಕೇಳಿದ್ದು ಕೊಡಿಸಿ.

ರಸೀದಿಯ ಪ್ರತಿ, ಗ್ರೀನ್‌ಗಳ ಫೋಟೋ, ಶನಿವಾರ ತೆಗೆದ ನಿಮ್ಮ ಬುಕಿಂಗ್ ಪುಟದ ಸ್ಕ್ರೀನ್‌ಶಾಟ್ ಜೊತೆಗಿಟ್ಟಿದ್ದೇನೆ. 15 ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ. ಫೋನ್ ಮಾಡಿ ಸಮಾಧಾನ ಹೇಳೋದು ಬೇಡ. ಉತ್ತರ ಬರದಿದ್ದರೆ ಇದೇ ದಾಖಲೆಗಳ ಜೊತೆ ಗ್ರಾಹಕರ ವೇದಿಕೆಗೆ ಹೋಗುತ್ತೇನೆ.

ಇಂತಿ,
ಶನಿವಾರ ಆಡಿದ ನಾಲ್ವರ ಪರವಾಗಿ, ಬುಕಿಂಗ್ ಮಾಡಿದವನು