ಮರುವಾಯಿ ಹೆಕ್ಕುವವರಿಗೆ ವಿಷದ ಸುಳಿವು ಸಿಗಲಿ

ಮಾನ್ಯ ಸಂಪಾದಕರೇ,

ಇಳಿತದ ಹೊತ್ತಿನಲ್ಲಿ ಫಲ್ಗುಣಿ ನದಿಯಲ್ಲಿ ಸೊಂಟದವರೆಗೆ ನೀರಿಗಿಳಿದು, ಕಾಲಿನಿಂದಲೇ ಕೆಸರನ್ನು ತಡಕಿ ಮರುವಾಯಿ ಎಂಬ ಚಿಪ್ಪುಜೀವಿಯನ್ನು ಹೆಕ್ಕುವವರನ್ನು ಕಂಡಾಗಲೆಲ್ಲ, ಆ ಕೆಸರಿನಲ್ಲಿ ಸೀಸವೋ ಪಾದರಸವೋ ಸೇರಿದ್ದರೆ ಅವರಿಗೆ ತಿಳಿಯುವ ದಾರಿ ಯಾವುದು ಎಂಬ ಚಿಂತೆ ನನ್ನನ್ನು ಕಾಡುತ್ತದೆ. ನೀರಿನಲ್ಲಿ ಕರಗಿದ ಈ ಲೋಹಗಳು ಕಣ್ಣಿಗೆ ಕಾಣುವುದಿಲ್ಲ; ನೀರನ್ನು ಸೋಸಿ ಬದುಕುವ ಚಿಪ್ಪುಜೀವಿಗಳ ಮಾಂಸದಲ್ಲಿ ಅವು ಸದ್ದಿಲ್ಲದೆ ಶೇಖರವಾಗುತ್ತವೆ. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನದಂಡ ಹೇಳುತ್ತದೆ. ಇಷ್ಟು ಸೂಕ್ಷ್ಮ ಪ್ರಮಾಣವನ್ನು ಅಳೆಯಲು ಇಂದಿಗೂ ಸಾಮಾನ್ಯವಾಗಿ ದುಬಾರಿ ಯಂತ್ರಗಳಿರುವ ಪ್ರಯೋಗಾಲಯವನ್ನೇ ಅವಲಂಬಿಸಬೇಕಾಗುತ್ತದೆ. ನಮ್ಮ ಬಾವಿ ನೀರಿನ ವರದಿ ಕೈಸೇರಲು ಮೂರು ವಾರ ಹಿಡಿಯಿತು. ಅಷ್ಟು ದಿನವೂ ಅದೇ ನೀರನ್ನು ಕುಡಿದೆವು.

ಬೆಳಕು ಸೂಸುವ ಪ್ರೋಟೀನುಗಳ ಸಂವೇದಕಗಳು ಇಲ್ಲಿ ನೆರವಾಗಬಲ್ಲವು. ಒಸಾಮು ಶಿಮೊಮುರಾ ಅವರು 1962ರಲ್ಲಿ ವರದಿ ಮಾಡಿದ, ಜೆಲ್ಲಿ ಮೀನಿನ ಹಸಿರು ಪ್ರೋಟೀನಿನ ಶೋಧ ಮತ್ತು ಅಭಿವೃದ್ಧಿಗೆ 2008ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಇಂಥ ಪ್ರೋಟೀನಿಗೆ ಲೋಹವನ್ನು ಹಿಡಿಯಬಲ್ಲ ಮತ್ತೊಂದು ಪ್ರೋಟೀನನ್ನು ಬೆಸೆದರೆ, ಲೋಹದ ಅಯಾನು (ವಿದ್ಯುದಾವೇಶವುಳ್ಳ ಕಣ) ಅಂಟಿದೊಡನೆ ಆಕಾರ ಬದಲಾಗಿ ಬೆಳಕು ಹೆಚ್ಚುತ್ತದೆ ಅಥವಾ ಕುಗ್ಗುತ್ತದೆ. ಹವಳದ ಬಳಗದ ಜೀವಿಯೊಂದರ ಕೆಂಪು ಪ್ರೋಟೀನಂತೂ ತಾಮ್ರ ತಗುಲಿದರೆ ತಾನಾಗಿಯೇ ಮಂಕಾಗುತ್ತದೆ. ಆದರೆ ನಮ್ಮ ಅಳಿವೆಗಳ ಉಪ್ಪು, ಆಮ್ಲೀಯತೆ ಮತ್ತು ಇತರ ಲೋಹಗಳು ಈ ಸೂಚನೆಯನ್ನು ದಾರಿ ತಪ್ಪಿಸಬಹುದಾದ್ದರಿಂದ, ಪರೀಕ್ಷೆ ನಮ್ಮ ನೀರಿನಲ್ಲಿಯೇ ನಡೆಯಬೇಕು. ಕೊಣಾಜೆಯ ವಿಶ್ವವಿದ್ಯಾಲಯ, ಸುರತ್ಕಲ್‌ನ ತಾಂತ್ರಿಕ ಶಿಕ್ಷಣ ಸಂಸ್ಥೆ ಎನ್‌ಐಟಿಕೆ ಹಾಗೂ ಮೀನುಗಾರಿಕಾ ಕಾಲೇಜು ಒಟ್ಟಾಗಿ ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂದೂ, ಅದಕ್ಕೆ ಜಿಲ್ಲಾಡಳಿತ ಅನುದಾನ ಒದಗಿಸಬೇಕೆಂದೂ ಕಳಕಳಿಯಿಂದ ಕೋರುತ್ತೇನೆ.

– ಓದುಗ, ಮಂಗಳೂರು