ರಾಜಕೀಯದ ಪೋಸ್ಟ್‌ಗಳ ಬಗ್ಗೆ ಎಲ್ಲರಿಗೂ ಒಂದು ಮಾತು

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಕೆನಡಾ ಕನ್ನಡಿಗರ ನಮ್ಮ ಈ ವಾಟ್ಸಾಪ್ ಗುಂಪಿನಲ್ಲಿ, ಒಟ್ಟಾವಾದ ನೇಪಿಯನ್ ಕ್ಷೇತ್ರದ ಚುನಾವಣಾ ಟಿಕೆಟ್ ವಿಷಯಕ್ಕೆ ಮಾತಿಗೆ ಮಾತು ಬೆಳೆದು ಇಬ್ಬರು ಗುಂಪು ಬಿಟ್ಟು ಹೋದರು. ನನಗೆ ತುಂಬಾ ಬೇಜಾರಾಯಿತು.

ಆ ಟಿಕೆಟ್ ವಿಷಯದಲ್ಲಿ ನನಗೂ ನೋವಿದೆ. 2022ರ ಮೇ ತಿಂಗಳಲ್ಲಿ, ಆಗ ನೇಪಿಯನ್‌ನ ಲಿಬರಲ್ ಸಂಸದರಾಗಿದ್ದ ನಮ್ಮ ಕನ್ನಡಿಗ ಚಂದ್ರ ಆರ್ಯ ಅವರು ಒಟ್ಟಾವಾದ ಸಂಸತ್ತಿನಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ಆ ವಿಡಿಯೋವನ್ನು ಊರಿಗೆ ಕಳಿಸಿ ಅಪ್ಪ ಅಮ್ಮನಿಗೂ ತೋರಿಸಿದೆವು, ಅಲ್ವಾ? 2025ರ ಮಾರ್ಚ್‌ನಲ್ಲಿ ಲಿಬರಲ್ ಪಕ್ಷ ಅವರ ಟಿಕೆಟ್ ವಾಪಸ್ ಪಡೆಯಿತು. ಅದೇ ಕ್ಷೇತ್ರದಲ್ಲಿ, ಆಗಷ್ಟೇ ಪ್ರಧಾನಿಯಾಗಿದ್ದ ಮಾರ್ಕ್ ಕಾರ್ನಿ ನಿಂತು ಗೆದ್ದರು. ನಾನು ಲಿಬರಲ್‌ಗೇ ಓಟು ಹಾಕಿದವನು. ಆದರೂ ಪಕ್ಷ ಅದರ ಕಾರಣವನ್ನು ಜನರ ಮುಂದೆ ಬಿಡಿಸಿ ಹೇಳಬೇಕಿತ್ತು ಅಂತಲೇ ನನ್ನ ಅಭಿಪ್ರಾಯ. ಕನ್ಸರ್ವೇಟಿವ್ ಪಕ್ಷದ ಕಡೆಯವರೂ, ಎನ್‌ಡಿಪಿ ಪಕ್ಷದವರೂ ಹೀಗೇ ಮನಸ್ಸಿನಲ್ಲಿರುವುದನ್ನು ಹೇಳಿ. ಯಾರೂ ತಡೆಯುವುದಿಲ್ಲ.

ಆದರೆ ಸುದ್ದಿಯ ಸ್ಕ್ರೀನ್‌ಶಾಟ್ ಫಾರ್ವರ್ಡ್ ಮಾಡಬೇಡಿ. 2023ರ ಆಗಸ್ಟ್‌ನಿಂದ ಇಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಸುದ್ದಿ ಲಿಂಕ್ ಕಾಣಿಸುವುದಿಲ್ಲ. ಹಾಗಾಗಿ ದಿನಾಂಕವೇ ಇಲ್ಲದ ಚಿತ್ರಗಳು ಜಾಸ್ತಿ ಓಡಾಡುತ್ತಿವೆ. ಕಾರ್ಬನ್ ತೆರಿಗೆ ಈಗಲೂ ಇದೆ ಅನ್ನುವಂತೆ ಮೊನ್ನೆ ಬಂದ ಚಿತ್ರವನ್ನೇ ನೋಡಿ. ನಾವು ಪೆಟ್ರೋಲ್ ಹಾಕಿಸುವಾಗ ಕಟ್ಟುತ್ತಿದ್ದ ಆ ತೆರಿಗೆ 2025ರ ಏಪ್ರಿಲ್ 1ಕ್ಕೇ ನಿಂತಿದೆ. ವಾಟ್ಸಾಪ್‌ನಲ್ಲಿ ಸುದ್ದಿ ಲಿಂಕ್ ತೆರೆಯುತ್ತದೆ, ಅದನ್ನೇ ಹಾಕಿ.

ಇನ್ನೊಂದು ವಿಷಯ. ಪಕ್ಷವನ್ನು ಎಷ್ಟು ಬೇಕಾದರೂ ಬೈಯಿರಿ. ಒಬ್ಬರ ಜಾತಿ, ಧರ್ಮ, ವೀಸಾ ಎಳೆದು ತರಬೇಡಿ. "ನೀವು ಪಿಆರ್ (ಪೌರತ್ವ ಇಲ್ಲದ ಕಾಯಂ ನಿವಾಸಿ), ನಿಮಗೆ ಓಟಿಲ್ಲ, ಸುಮ್ನಿರಿ" ಅನ್ನುವುದು ತಪ್ಪು. ಅವರೂ ಇಲ್ಲಿ ತೆರಿಗೆ ಕಟ್ಟುತ್ತಾರೆ.

ಬಿಟ್ಟು ಹೋದ ಇಬ್ಬರಿಗೂ ಇವತ್ತು ಸಂಜೆ ನಾನೇ ಫೋನ್ ಮಾಡುತ್ತೇನೆ.