ಕೇಳಬೇಕು ಪುಟ್ಟಿ, ಎಲ್ಲರೂ ಸೇರಿ ಕೇಳಬೇಕು

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ನೀನು ಹೇಳಿದ್ದು ತಲೆಯಿಂದ ಹೋಗುತ್ತಲೇ ಇಲ್ಲ. ಕಾಲೇಜಿನ ಹುಡುಗರ ತಂಡಕ್ಕೆ ಸಂಜೆ ಹೊತ್ತಿಗೆ ಇಡೀ ಮೈದಾನ. ನಿಮ್ಮ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ರಾತ್ರಿ 9:30ಕ್ಕೆ ಅರ್ಧ ಮೈದಾನ, ಅದೂ ದೀಪ ಕೆಟ್ಟಿರೋ ಕಡೆ. "ಕೇಳಿದರೆ ಇರೋದನ್ನೂ ಕಿತ್ಕೊಳ್ತಾರೆ" ಅಂತ ನಿಮ್ಮ ತಂಡದವರೇ ಹೆದರುತ್ತಿದ್ದಾರೆ ಅಂದೆ. "ಐರ್ಲೆಂಡ್ ಫುಟ್‌ಬಾಲ್ ಹೀಗೇ ಅಪ್ಪಾ, ಸರಿಹೋಗೋದಲ್ಲ" ಅಂದು ಫೋನ್ ಇಟ್ಟುಬಿಟ್ಟೆ. ಫೋನಿನಲ್ಲಿ ಮಾತು ಬೆಳೆಸಿದರೆ ನಮ್ಮಿಬ್ಬರಿಗೂ ಜಗಳ ಗ್ಯಾರಂಟಿ. ಅದಕ್ಕೇ ಬರೆಯುತ್ತಿದ್ದೇನೆ.

2017ರ ಏಪ್ರಿಲ್ ನಿನಗೆ ನೆನಪಿರಲಿಕ್ಕಿಲ್ಲ, ಚಿಕ್ಕವಳಿದ್ದೆ. ಡಬ್ಲಿನ್‌ನ ಲಿಬರ್ಟಿ ಹಾಲ್ ಗೊತ್ತಲ್ಲ, ಲಿಫಿ ನದಿ ದಡದಲ್ಲಿರೋ ಕಾರ್ಮಿಕ ಸಂಘದ ಎತ್ತರದ ಕಟ್ಟಡ. ಅಲ್ಲಿ ದೇಶದ ಮಹಿಳಾ ತಂಡದ ಆಟಗಾರ್ತಿಯರು ಪತ್ರಕರ್ತರ ಮುಂದೆ ಬಂದು ಕೂತರು. ಆಗ ನಾಯಕಿ ಎಮ್ಮಾ ಬರ್ನ್, ಲಂಡನ್ನಿನ ಆರ್ಸೆನಲ್ ಕ್ಲಬ್ಬಿಗೆ ವರ್ಷಗಟ್ಟಲೆ ಆಡಿದ ಗೋಲ್‌ಕೀಪರ್. ಅವರು ಹೇಳಿದ್ದು ಕೇಳು. ಪಂದ್ಯಕ್ಕೆ ಹೋಗುವಾಗ ಹಾಕಿಕೊಳ್ಳೋ ಟ್ರ್ಯಾಕ್‌ಸೂಟ್ ಅವರದ್ದಾಗಿರಲಿಲ್ಲ. ಕಿರಿಯರ ತಂಡಕ್ಕೂ ಅದೇ ಬೇಕು. ಹಾಗಾಗಿ ವಿಮಾನ ನಿಲ್ದಾಣದ ಟಾಯ್ಲೆಟ್ಟಿನಲ್ಲಿ ಬಟ್ಟೆ ಬದಲಿಸಿ, ಟ್ರ್ಯಾಕ್‌ಸೂಟ್ ವಾಪಸ್ ಕೊಟ್ಟು ಮನೆಗೆ ಹೋಗಬೇಕಿತ್ತು. ದೇಶಕ್ಕೆ ಆಡೋ ಹೆಂಗಸರು! ಕೆಲಸಕ್ಕೆ ರಜೆ ಹಾಕಿ ಬಂದವರಿಗೆ ಆ ದಿನಗಳ ಸಂಬಳವೂ ಇಲ್ಲ.

ಸ್ಲೊವಾಕಿಯಾ ವಿರುದ್ಧದ ಪಂದ್ಯ ಹತ್ತಿರವೇ ಇತ್ತು. ದೇಶದ ಫುಟ್‌ಬಾಲ್ ನಡೆಸೋ ಸಂಸ್ಥೆ ಎಫ್‌ಎಐ ಜೊತೆ ಮಾತು ಬಗೆಹರಿಯೋವರೆಗೆ ತರಬೇತಿಗೆ ಬರೋದಿಲ್ಲ ಅಂದರು. ಒಬ್ಬರನ್ನು ಮಾತ್ರ ತಂಡದಿಂದ ತೆಗೆಯೋದು ಸುಲಭ. ಇಡೀ ತಂಡವೇ ಒಟ್ಟಿಗೆ ಕೂತರೆ ಯಾರನ್ನ ತೆಗೀತಾರೆ? ಕೆಲವೇ ದಿನಗಳಲ್ಲಿ ಒಪ್ಪಂದ ಆಯ್ತು. ಮುಂದಿನ ವಾರ ನಮ್ಮ ಟ್ಯಾಲಾ ಸ್ಟೇಡಿಯಂನಲ್ಲೇ ಸ್ಲೊವಾಕಿಯಾ ಎದುರು ಆಡಿ ಗೆದ್ದರು.

ಆಮೇಲಿನದ್ದು ನಿನಗೇ ಗೊತ್ತು. 2021ರ ಆಗಸ್ಟ್‌ನಲ್ಲಿ ದೇಶಕ್ಕೆ ಆಡೋ ಗಂಡಸರಿಗೂ ಹೆಂಗಸರಿಗೂ ಪಂದ್ಯಕ್ಕೆ ಕೊಡೋ ಶುಲ್ಕ ಒಂದೇ ಅಂತ ತೀರ್ಮಾನ ಆಯ್ತು. ಅದಕ್ಕಾಗಿ ಗಂಡಸರ ತಂಡ ತಮ್ಮ ಶುಲ್ಕ ಕಡಿಮೆ ಮಾಡಿಕೊಳ್ಳೋಕೆ ಒಪ್ಪಿತು. ನನಗೆ ಇದರಲ್ಲಿ ತುಂಬಾ ಇಷ್ಟವಾಗಿದ್ದು ಆ ಭಾಗವೇ. ಶೇಮಸ್ ಕೋಲ್ಮನ್ ಮತ್ತು ಕೇಟಿ ಮಕೇಬ್, ಎರಡೂ ತಂಡದ ನಾಯಕರು ಜೊತೆಗೆ ನಿಂತಿದ್ದರು. 2023ರಲ್ಲಿ ತಂಡ ಮೊದಲ ಸಲ ವಿಶ್ವಕಪ್‌ಗೆ ಹೋಯ್ತು. ಸಿಡ್ನಿಯಲ್ಲಿ 75,784 ಜನರ ಮುಂದೆ ಆಸ್ಟ್ರೇಲಿಯಾ ಎದುರು ಒಂದೇ ಗೋಲಿನಿಂದ ಸೋತರು. ಪರ್ತ್‌ನಲ್ಲಿ ಕೆನಡಾ ಎದುರು ಮಕೇಬ್ ಕಾರ್ನರ್‌ನಿಂದ ಒದ್ದ ಚೆಂಡು ಯಾರಿಗೂ ತಾಗದೆ ನೇರ ಗೋಲಿನೊಳಗೆ ಹೋಯ್ತಲ್ಲ, ಆವತ್ತು ನೀನು ಸೋಫಾ ಮೇಲೆ ಹತ್ತಿ ಕಿರುಚಿದ್ದಕ್ಕೆ ಪಕ್ಕದ ಮನೆಯವರು ಬಾಗಿಲು ಬಡಿದಿದ್ದರು. ಆ ಪಂದ್ಯವೂ ಸೋತೆವು, ಇರಲಿ. ವಾಪಸ್ ಬಂದ ಮೇಲೆ ಸೆಪ್ಟೆಂಬರ್‌ನಲ್ಲಿ ಡಬ್ಲಿನ್‌ನ ದೊಡ್ಡ ಅವೀವಾ ಸ್ಟೇಡಿಯಂನಲ್ಲಿ ಮಹಿಳಾ ತಂಡದ ಮೊದಲ ಪಂದ್ಯ. ನೋಡೋಕೆ ಬಂದವರು 35,944 ಜನ. ಟಾಯ್ಲೆಟ್ಟಿನಲ್ಲಿ ಬಟ್ಟೆ ಬದಲಿಸುತ್ತಿದ್ದ ತಂಡ ಇದೇ. ನಡುವೆ ಆರೇ ವರ್ಷ.

ಮಕೇಬ್ ನಮ್ಮ ಪಕ್ಕದ ಕಿಲ್ನಮನಾದಲ್ಲಿ ಬೆಳೆದ ಹುಡುಗಿ. ಇದನ್ನ ನಾನು ಸಿಕ್ಕಿದವರಿಗೆಲ್ಲ ಹೇಳ್ತೀನಿ ಅಂತ ನಿನ್ನಮ್ಮ ರೇಗಿಸ್ತಾಳೆ. ಹೇಳದೆ ಇರೋಕಾಗತ್ತಾ?

ಅಭಿಮಾನಿಗಳ ಕಥೆಯೂ ಇದೇ. ನಮ್ಮ ಡಬ್ಲಿನ್ ಕ್ಲಬ್ ಶ್ಯಾಮ್‌ರಾಕ್ ರೋವರ್ಸ್‌ನ ಮಿಲ್‌ಟೌನ್ ಮೈದಾನವನ್ನು 1987ರಲ್ಲಿ ಮಾಲೀಕರು ಮಾರಲು ಹೊರಟರು. ಆಮೇಲೆ ಕ್ಲಬ್ಬಿಗೆ ಎರಡು ದಶಕ ಸ್ವಂತ ಮನೆ ಇರಲಿಲ್ಲ. ಅವರಿವರ ಮೈದಾನದಲ್ಲಿ ಆಡಿಕೊಂಡು ತಿರುಗಿದರು. 2005ರಲ್ಲಿ ಸಾಲ ಹೆಚ್ಚಾಗಿ ಕ್ಲಬ್ ಮುಚ್ಚೋ ಹಂತಕ್ಕೆ ಬಂದಾಗ ಕೈಹಿಡಿದವರು ಅಭಿಮಾನಿಗಳು. ತಮ್ಮ ಜೇಬಿನಿಂದ ತಿಂಗಳು ತಿಂಗಳು ದುಡ್ಡು ಹಾಕಿದವರು. 2009ರಲ್ಲಿ ಟ್ಯಾಲಾ ಸ್ಟೇಡಿಯಂ ತೆರೆದು ಕ್ಲಬ್ಬಿಗೆ ಮನೆ ಸಿಕ್ಕಿತು. ಡಬ್ಲಿನ್‌ನ ಇನ್ನೊಂದು ಕ್ಲಬ್ ಶೆಲ್ಬರ್ನ್ ಆಡೋ ಟೋಲ್ಕಾ ಪಾರ್ಕನ್ನು ಮಾರಿ ಮನೆ ಕಟ್ಟಿಸಬೇಕು ಅಂತ ನಗರ ಸಭೆ ಯೋಚಿಸಿದಾಗ ಶೆಲ್ಬರ್ನ್ ಜನ ಸುಮ್ನೆ ಇರಲಿಲ್ಲ. ಮೈದಾನ ಉಳಿಯಿತು. ಅದೇ ಶೆಲ್ಬರ್ನ್ 2024ರಲ್ಲಿ ಡೇಮಿಯನ್ ಡಫ್ ಕೈಕೆಳಗೆ ಲೀಗ್ ಗೆದ್ದಿತು. ನಾವು ರೋವರ್ಸ್ ಕಡೆಯವರು, ಆದರೂ ಆವತ್ತು ನನಗೆ ಖುಷಿಯಾಯ್ತು.

ಇನ್ನೊಂದು ನಾನೇ ಕಣ್ಣಾರೆ ಕಂಡದ್ದು. 2019ರ ಮಾರ್ಚ್, ಅವೀವಾದಲ್ಲಿ ಜಾರ್ಜಿಯಾ ವಿರುದ್ಧದ ಪಂದ್ಯ. ಆಗ ಎಫ್‌ಎಐ ದುಡ್ಡಿನ ವ್ಯವಹಾರದ ಬಗ್ಗೆ ಪತ್ರಿಕೆಗಳಲ್ಲಿ ಬರಲು ಶುರುವಾಗಿತ್ತು. ಆಟ ನಡೀತಿರುವಾಗಲೇ ಅಭಿಮಾನಿಗಳು ಪ್ರತಿಭಟಿಸಿ ಎಸೆದ ಹಳದಿ ಟೆನಿಸ್ ಚೆಂಡುಗಳು ಒಂದಾದ ಮೇಲೊಂದು ಹುಲ್ಲಿನ ಮೇಲೆ ಬಂದು ಬಿದ್ದವು. ರೆಫರಿ ಆಟ ನಿಲ್ಲಿಸಬೇಕಾಯ್ತು. ಯಾರಿಗೂ ಏಟಾಗಲಿಲ್ಲ. ವರ್ಷಗಟ್ಟಲೆ ಎಫ್‌ಎಐ ಮುಖ್ಯಸ್ಥರಾಗಿದ್ದ ಜಾನ್ ಡೆಲೇನಿ ಅದೇ ವರ್ಷ ಸಂಸ್ಥೆ ಬಿಟ್ಟರು. ಸಂಸ್ಥೆಯ ಸಾಲ ಎಷ್ಟಿತ್ತೆಂದರೆ 2020ರ ಜನವರಿಯಲ್ಲಿ ಸರ್ಕಾರವೇ ಕೈಹಿಡಿದು ಎತ್ತಬೇಕಾಯ್ತು. ಆ ಸಾಲದ ಭಾರ ಎಷ್ಟೋ ಮಕ್ಕಳ ತಂಡಗಳ ತಲೆಮೇಲೆ ಬಿತ್ತು. ನನಗೆ ಸಿಟ್ಟು ಬರೋದು ಅದಕ್ಕೇ.

ಈಗ ಅಭಿಮಾನಿಗಳ ಬಾಯಲ್ಲಿ ಜಾಸ್ತಿ ಕೇಳೋದು ಅಕಾಡೆಮಿ ವಿಷಯ, ಅಂದರೆ ಕ್ಲಬ್ಬುಗಳು ಮಕ್ಕಳಿಗೆ ಆಟ ಕಲಿಸೋ ವ್ಯವಸ್ಥೆ. ಟ್ರಾಯ್ ಪ್ಯಾರಟ್ ಚಿಕ್ಕ ವಯಸ್ಸಿಗೇ ಡಬ್ಲಿನ್ ಬಿಟ್ಟು ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ಬಿಗೆ ಹೋಗಿ ಕಲಿತ ಹುಡುಗ. 2025ರ ನವೆಂಬರ್‌ನಲ್ಲಿ ಐರ್ಲೆಂಡ್ ಪರ ಪೋರ್ಚುಗಲ್ ಎದುರು ಎರಡು ಗೋಲು, ಮೂರೇ ದಿನದಲ್ಲಿ ಬುಡಾಪೆಸ್ಟ್‌ನಲ್ಲಿ ಹಂಗೇರಿ ಎದುರು ಹ್ಯಾಟ್ರಿಕ್, ಅದೂ ಕೊನೆಯ ಗೋಲು 96ನೇ ನಿಮಿಷಕ್ಕೆ. ಬ್ರೆಕ್ಸಿಟ್ ಆಗಿ ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟ ಮೇಲೆ ಆ ದಾರಿ ಮುಚ್ಚಿದೆ. 18 ತುಂಬೋವರೆಗೆ ಇಲ್ಲಿನ ಮಕ್ಕಳು ಇಂಗ್ಲೆಂಡ್ ಕ್ಲಬ್ ಸೇರೋ ಹಾಗಿಲ್ಲ. ಅಂದರೆ ಕಲಿಸೋ ಕೆಲಸ ಇಲ್ಲಿನ ಕ್ಲಬ್ಬುಗಳದ್ದೇ. ಕಲಿಸಿದರೆ ಏನಾಗತ್ತೆ ಅನ್ನೋದಕ್ಕೆ ರೋವರ್ಸ್‌ನ ಮೈಕಲ್ ನೂನನ್ ಸಾಕು. 16ನೇ ವಯಸ್ಸಿಗೆ ನಾರ್ವೆಗೆ ಹೋಗಿ ಅಲ್ಲಿನ ಮೋಲ್ಡೆ ಕ್ಲಬ್ ಎದುರು ಗೆಲುವಿನ ಗೋಲು ಹೊಡೆದ. ಆದರೆ ದುಡ್ಡು ಎಲ್ಲಿಂದ? ಸರ್ಕಾರ ಕೊಡಲೇಬೇಕು ಅನ್ನೋ ಪಕ್ಷ ನನ್ನದು. ಕೊಟ್ಟಾಗ ಹುಡುಗಿಯರಿಗೂ ಅಷ್ಟೇ ಪಾಲು ಸಿಗಬೇಕು. ಈ ಎರಡನೇ ಮಾತು ಸ್ಟ್ಯಾಂಡಿನಲ್ಲಿ ಕಡಿಮೆ ಜನ ಆಡ್ತಾರೆ. ನಿನ್ನಂಥವರು ಆಡಬೇಕು.

ನಿನ್ನಜ್ಜಿ "ಅಳೋ ಮಗುವಿಗೇ ಹಾಲು" ಅಂತಾರೆ. ಅಳೋದು ಬೇಡ, ಲೆಕ್ಕ ಇಟ್ಟು ಕೇಳಿ. ಒಂದು ತಿಂಗಳು ಯಾವ ತಂಡಕ್ಕೆ ಯಾವ ಹೊತ್ತು ಸಿಕ್ಕಿತು ಅಂತ ಬರೆದಿಡಿ. ಕೆಟ್ಟ ದೀಪಗಳ ಫೋಟೋ ತೆಗೀರಿ. ಪತ್ರದಲ್ಲಿ ತಂಡದ ಎಲ್ಲರ ಸಹಿ ಇರಲಿ, ನಾಯಕಿ ಒಬ್ಬಳದ್ದೇ ಬೇಡ. ಹುಡುಗರ ತಂಡದ ನಾಯಕನನ್ನೂ ಕೇಳಿ ನೋಡು. ವಾರಕ್ಕೊಂದು ಸಂಜೆ ಬಿಟ್ಟುಕೊಡಲು ಅವನು ಒಪ್ಪಿದರೆ ಅರ್ಧ ಕೆಲಸ ಆದಂತೆ.

ಶುಕ್ರವಾರ ಬೊಹೀಮಿಯನ್ಸ್ ಕ್ಲಬ್ ಜೊತೆ ರೋವರ್ಸ್ ಪಂದ್ಯ ಇದೆ, ನಿನಗೂ ಟಿಕೆಟ್ ತೆಗೆದಿದ್ದೇನೆ. ಗಾಲ್ವೇಯಿಂದ ಮಧ್ಯಾಹ್ನದ ರೈಲು ಹತ್ತು, ಡಬ್ಲಿನ್‌ನ ಹ್ಯೂಸ್ಟನ್ ನಿಲ್ದಾಣದಲ್ಲಿ ಇಳಿದು ಲೂಅಸ್ ಟ್ರಾಮ್ ಹಿಡಿದರೆ ಆಟ ಶುರುವಾಗೋ ಮುಂಚೆ ಟ್ಯಾಲಾ ಸೇರ್ತೀಯ. ಅಮ್ಮ ಚಟ್ನಿಪುಡಿ ಮಾಡಿಟ್ಟಿದ್ದಾಳೆ. ಬರುವಾಗ ಪತ್ರದ ಕರಡು ತಾ, ಕೂತು ಓದೋಣ.

ನಿನ್ನ
ಅಪ್ಪ